ಸುಣ್ಣಗಲ್ಲಿನ ಸೀಮೆಯಲ್ಲಿ ಸ್ತ್ರೀಸೇವೆ

ಹೋದ ತಿಂಗಳು ಸೇಡಮ್ ತಾಲೂಕಿನ ಒಂದು ಗ್ರಾಮದಲ್ಲಿ ಜರುಗಿದ ಹೊಲಿಗೆಯಂತ್ರ ವಿತರಣೆಯ ಸಮಾರಂಭಕ್ಕೆ ನಮ್ಮನ್ನು ಕರೆದಿದ್ದರು. ಕರೆದವರು ಸದುದ್ದೇಶವುಳ್ಳ ಜನ. ಆದುದರಿಂದ ಆ ಸಂಸ್ಥೆಯ ಹೆಸರನ್ನು ಇಲ್ಲಿ ಎತ್ತುವದಿಲ್ಲ. ಹನ್ನೊಂದು ಗಂಟೆಗೆ ಆರಂಭವಾಗಬೇಕಾಗಿದ್ದ ಸಭೆಯು ಒಂದೂವರೆಗೆ ಆರಂಭವಾಯಿತು. ವೇದಿಕೆಯ ಮೇಲೆ ಚಪ್ಪರವಿದ್ದಿತು. ಕೆಳಗೆ ಕುಳಿತ ಹೆಣ್ಣುಮಕ್ಕಳಿಗೆ ಅವರವರ ಸೆರಗೇ ಚಪ್ಪರ. ಬಂದ ಹಾರಗಳನ್ನು ನಾವು ಸುಮ್ಮನೆ ಎಣಿಸುತ್ತ ಕುಳಿತೆವು: ಇಪ್ಪತ್ತಾರು. ಯಂತ್ರಗಳು ಹದಿನೈದು. ಭಾಷಣಗಳಲ್ಲಿ ಅಕ್ಕಮಹಾದೇವಿಯಿಂದ ಕಿತ್ತೂರ ರಾಣಿಯವರೆಗೆ ಸಕಲರ ಸ್ಮರಣೆಯಾಯಿತು. ಸಭೆ ಮುಗಿದ ಮೇಲೆ ಒಬ್ಬ ಮುದುಕಿ ನಮ್ಮನ್ನು ಯಾರೋ ದೊಡ್ಡ ಅಧಿಕಾರಿಗಳೆಂದು ತಿಳಿದು ಹತ್ತಿರ ಬಂದಳು. ಯಂತ್ರ ಕೊಟ್ಟುದು ಒಳ್ಳೆಯದೇ ಆಯಿತು, ಆದರೆ ತನ್ನ ಸೊಸೆಗೆ ಏಳು ತಿಂಗಳಾಗಿವೆ, ನಡುರಾತ್ರಿ ಬೇನೆ ಬಂದರೆ ಎಲ್ಲಿಗೆ ಒಯ್ಯಬೇಕು, ಅದನ್ನು ಹೇಳಿರೆಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ವೇದಿಕೆಯ ಮೇಲಿದ್ದವರಲ್ಲಿ ಇದ್ದಿರಬಹುದು. ಅವರು ಅಷ್ಟರಲ್ಲಿ ಮೋಟಾರು ಹತ್ತಿದ್ದರು.

ಆ ಪ್ರಶ್ನೆಯು ಅಂದಿನಿಂದ ನಮ್ಮ ಬೆನ್ನು ಬಿಟ್ಟಿಲ್ಲ. ಸ್ತ್ರೀಯರ ಆರೋಗ್ಯ, ಶಿಕ್ಷಣ, ದಾರಿದ್ರ್ಯನಿವಾರಣೆ ಎಂಬ ಮೂರು ಮಾತುಗಳನ್ನು ಫಲಕದ ಮೇಲೆ ಬರೆಯಿಸಿಕೊಂಡು ನಮ್ಮ ಜಿಲ್ಲೆಯಲ್ಲಿ ಇಂದು ಅನೇಕ ಸೇವಾಸಂಸ್ಥೆಗಳು ದುಡಿಯುತ್ತಿರುವವು. ಅವುಗಳಿಗೆ ಹಣವು ಎಲ್ಲಿಂದ ಬರುವದು, ಯಾವುದಕ್ಕೆ ವೆಚ್ಚವಾಗುವದು, ಹಳ್ಳಿಯ ಹೆಣ್ಣುಮಗಳ ಕೈಗೆ ಕೊನೆಗೆ ಏನು ತಲಪುವದು ಎಂಬದನ್ನು ಸುಶಿಕ್ಷಿತ ನಾಗರಿಕರೂ ಅಧಿಕಾರಿವರ್ಗದವರೂ ಒಮ್ಮೆ ಕೂತು ವಿಚಾರಿಸುವದು ಅಗತ್ಯವಾಗಿದೆ.

ಮಳಖೇಡವೆಂದೊಡನೆ ನಮ್ಮ ವಾಚಕರ ಕಣ್ಣಮುಂದೆ ನಿಲ್ಲುವದು ಕಾಗಿಣಾ ನದಿಯ ದಂಡೆಯ ಕೋಟೆ, ಅಮೋಘವರ್ಷ ನೃಪತುಂಗನ ರಾಜಧಾನಿ, ಕನ್ನಡದ ಮೊದಲ ಲಕ್ಷಣಗ್ರಂಥವಾದ ಕವಿರಾಜಮಾರ್ಗ. ಆ ಅಭಿಮಾನವು ನಮಗೂ ಇದೆ. ಆದರೆ ರಾಷ್ಟ್ರಕೂಟರ ಕೀರ್ತಿಯನ್ನು ಹೊಗಳುವವರು ಅದೇ ಕೋಟೆಯ ನೆರಳಿನಲ್ಲಿ ಇಂದು ಇರುವ ಮನೆಗಳೊಳಗೆ ಇಣಿಕಿ ನೋಡುವದು ಕಡಿಮೆ. ಈ ನೆಲದ ಅಡಿಯಲ್ಲಿ ಹರದಾರಿಗಟ್ಟಲೆ ಸುಣ್ಣಗಲ್ಲು ಹಾಸಿದೆ. ಶಹಾಬಾದದ ಹಾಸುಗಲ್ಲು ದೇಶದ ಎಷ್ಟೋ ಮನೆಗಳ ನೆಲವಾಗಿದೆ. ವಾಡಿಯಲ್ಲಿ 1968ರಲ್ಲಿ ಸಿಮೆಂಟಿನ ದೊಡ್ಡ ಕಾರಖಾನೆ ಎದ್ದಿತು. 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಮ್‌ಗಳಲ್ಲಿಯೂ ಎದ್ದವು. ಅಂದಿನಿಂದ ಕಾರಖಾನೆಗಳ ಒಡೆತನ ಕೈಯಿಂದ ಕೈಗೆ ಹೋಗಿದೆ, ಉತ್ಪನ್ನ ಬೆಳೆದಿದೆ, ವಾಡಿ ಜಂಕ್ಷನ್ನಿನಿಂದ ಗೂಡ್ಸುಗಾಡಿಗಳು ಹಗಲಿರುಳು ಹೊರಡುತ್ತಿವೆ. ಇಂತಿರಲು, 2002ರಲ್ಲಿ ಡಾ. ನಂಜುಂಡಪ್ಪನವರ ಸಮಿತಿಯು ಪ್ರಾಂತದ 114 ತಾಲೂಕುಗಳನ್ನು ಹಿಂದುಳಿದವೆಂದು ಗೊತ್ತುಪಡಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ವರ್ಗೀಕರಿಸಿದಾಗ, ಸೇಡಮ್, ಚಿತ್ತಾಪುರ, ಚಿಂಚೋಳಿ ಮೂರೂ ಆ ಕಟ್ಟಕಡೆಯ ಪಂಕ್ತಿಯಲ್ಲಿಯೇ ಕುಳಿತವು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸ್ತ್ರೀಯರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 55, ಪುರುಷರಲ್ಲಿ 74. ಅದೇ ವರ್ಷ ದಕ್ಷಿಣ ಕನ್ನಡದ ಸ್ತ್ರೀಯರಲ್ಲಿ ಈ ಸಂಖ್ಯೆ 84. ಅಲ್ಲಿಯ ನೆಲದಲ್ಲಿ ಸುಣ್ಣಗಲ್ಲಿನ ಸಿರಿಯಿಲ್ಲ, ಇಲ್ಲಿ ಇದೆ. ಸಿರಿ ಇದ್ದ ಮಾತ್ರಕ್ಕೆ ಮನೆ ಬೆಳಗುವದಿಲ್ಲವೆಂಬದಕ್ಕೆ ಬೇರೆ ಸಾಕ್ಷಿ ಬೇಕೆ?

ಸೇವಾಸಂಸ್ಥೆಗಳ ಕೆಲಸವು ನಮ್ಮ ನಾಡಿಗೆ ಹೊಸದಲ್ಲ. ನಿಜಾಮರ ಆಳಿಕೆಯಲ್ಲಿ ಕನ್ನಡವು ಶಾಲೆಯ ಹೊಸ್ತಿಲು ಹತ್ತುವದೇ ದುಸ್ತರವಾಗಿದ್ದ ಕಾಲದಲ್ಲಿ, 1930ರ ದಶಕದಲ್ಲಿ, ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳಿಗಾಗಿಯೇ ಮಹಾದೇವಿಯ ಹೆಸರಿನಲ್ಲಿ ಶಾಲೆ ತೆರೆದರು. ಆಗ ಅನುದಾನವಿರಲಿಲ್ಲ, ಛಾಯಾಚಿತ್ರದವನೂ ಇರಲಿಲ್ಲ. ಅತ್ತ ಹುಬ್ಬಳ್ಳಿಯಲ್ಲಿ ಉಮಾಬಾಯಿ ಕುಂದಾಪುರ ಅವರು ಭಗಿನಿ ಮಂಡಳವನ್ನೂ ತಿಲಕ ಕನ್ಯಾಶಾಲೆಯನ್ನೂ ನಡೆಸಿ, 1932ರಲ್ಲಿ ಸೆರೆಮನೆ ಕಂಡು ಬಂದರು. ಕಸ್ತೂರಬಾ ಅವರು 1944ರ ಫೆಬ್ರುವರಿಯಲ್ಲಿ ಬಂಧನದಲ್ಲಿಯೇ ತೀರಿಕೊಂಡ ಬಳಿಕ ಅವರ ಸ್ಮಾರಕವಾಗಿ ಹುಟ್ಟಿದ ನಿಧಿಯು ಹಳ್ಳಿಯ ಸ್ತ್ರೀಯರಿಗೂ ಶಿಶುಗಳಿಗೂ ಮೀಸಲು ಎಂದು ಗಾಂಧೀಜಿಯವರು ಗೊತ್ತುಮಾಡಿದರು. 1946ರಲ್ಲಿ ಅದರ ಕರ್ನಾಟಕದ ಹೊಣೆಯನ್ನು ಉಮಾಬಾಯಿಯವರಿಗೆ ಒಪ್ಪಿಸಿದರು. ಗ್ರಾಮಸೇವಿಕೆಯರನ್ನು ತಯಾರಿಸಿ ಹಳ್ಳಿಗೆ ಕಳುಹುವದು ಆ ಕೆಲಸದ ತಿರುಳು. ಹಣ ಸಾಲದಾದಾಗ ಉಮಾಬಾಯಿಯವರು ಊರೂರು ತಿರುಗಿ ಬೇಡಿದರು. ಈ ತಿರುಳನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬಿನ್ನಹ. ಆ ನಿಧಿಯು ಮುಖ್ಯವಾಗಿ ಕೊಟ್ಟುದು ವಸ್ತುವನ್ನಲ್ಲ. ಹಳ್ಳಿಯಲ್ಲಿಯೇ ಇದ್ದು ದುಡಿಯುವ ಮನುಷ್ಯರನ್ನು.

ನಮ್ಮ ಸೀಮೆಯಲ್ಲಿಯೂ ಅಂಥ ಉದಾಹರಣೆಗಳಿಗೆ ಕೊರತೆಯಿಲ್ಲ. ಸೇಡಮ್‌ನಲ್ಲಿ 1974ರಲ್ಲಿ ಆರಂಭವಾದ ಕೊತ್ತಲ ಬಸವೇಶ್ವರ ಭಾರತೀಯ ಶಿಕ್ಷಣ ಸಮಿತಿಯು ಐವತ್ತು ವರ್ಷಗಳನ್ನು ದಾಟಿದೆ. ಅದರ ಚಾಲಕರ ರಾಜಕೀಯ ವಿಚಾರಗಳನ್ನು ಒಪ್ಪುವವರೂ ಒಪ್ಪದವರೂ ಇರಬಹುದು. ಕಾಲೇಜಿಗಾಗಿ ಮಗಳನ್ನು ದೂರದ ಊರಿಗೆ ಕಳುಹಲಾರದ ತಂದೆಗಳು ಊರಿನಲ್ಲಿಯೇ ಓದಿಸಲು ಸಾಧ್ಯವಾದುದು ಇಂಥ ಸಂಸ್ಥೆಗಳಿಂದಲೇ ಎಂಬದನ್ನು ಒಪ್ಪದವರಿಲ್ಲ. ಮೈರಾಡಾ ಎಂಬ ಸಂಸ್ಥೆಯು 1968ರಲ್ಲಿ ಟಿಬೇಟಿ ನಿರಾಶ್ರಿತರ ನೆಲೆಗಾಗಿ ಹುಟ್ಟಿ, 1980ರ ದಶಕದಲ್ಲಿ ನಮ್ಮ ಜಿಲ್ಲೆಯ ಕಮಲಾಪುರದ ಸುತ್ತಲಿನ ಒಣ ಗುಡ್ಡಗಳಲ್ಲಿ ಸರಕಾರದ ಮತ್ತು ಸ್ವಿಸ್ ಜನರ ನೆರವಿನೊಂದಿಗೆ ನೀರು-ಮಣ್ಣು ಕಾಯುವ ಕಾರ್ಯವನ್ನು ಕೈಕೊಂಡಿತು. ಅದೇ ಸಂಸ್ಥೆಗೆ ಹೊಳೆದುದು ಇಂದು ದೇಶವೆಲ್ಲ ಹಬ್ಬಿರುವ ಸ್ವಸಹಾಯ ಸಂಘದ ವಿಚಾರ. ದೊಡ್ಡ ಸಹಕಾರಿ ಸಂಘಗಳಲ್ಲಿ ಬಡವರ ಮಾತು ನಡೆಯದೆ ಹೋದಾಗ, 1984-85ರ ಸುಮಾರಿಗೆ ಕೆಲ ಸದಸ್ಯರು ಒಡೆದು ಬಂದು ಒಬ್ಬರನ್ನೊಬ್ಬರು ನಂಬುವ ಹದಿನೈದಿಪ್ಪತ್ತು ಜನರ ಕೂಟ ಕಟ್ಟಿದರು. ತಮ್ಮ ಉಳಿತಾಯವನ್ನು ತಾವೇ ಕೂಡಿಸಿ, ಯಾರಿಗೆ ಎಷ್ಟು ಸಾಲ, ಎಂದು ತೀರಿಸಬೇಕು, ತಪ್ಪಿದರೆ ದಂಡವೇನು ಎಂಬದನ್ನು ತಾವೇ ಗೊತ್ತುಮಾಡಿಕೊಂಡರು. ಇದನ್ನು ಕಂಡು 1992ರಲ್ಲಿ ನಬಾರ್ಡು 500 ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸಿ ಪರೀಕ್ಷಿಸಿತು. ಮಿಕ್ಕುದು ಎಲ್ಲರೂ ಬಲ್ಲ ಸಂಗತಿ.

ಮಹಿಳಾ ಸಮಖ್ಯೆಯ ಮಾತನ್ನು ಇಲ್ಲಿ ಸ್ವಲ್ಪ ವಿಸ್ತರಿಸಿಯೇ ಹೇಳಬೇಕಾಗಿದೆ, ಏಕೆಂದರೆ ಅದನ್ನು ಜನ ಮರೆಯುತ್ತಿದ್ದಾರೆ. ಕೇಂದ್ರ ಸರಕಾರದ ಹಣ, ಸ್ವತಂತ್ರ ಸಂಸ್ಥೆಯ ನಡವಳಿಕೆ, ಹೀಗೆ ಎರಡು ಕಾಲಿನ ಮೇಲೆ ನಿಂತು 1989ರಲ್ಲಿ ಮೈಸೂರು, ಬೀದರ, ವಿಜಾಪುರ ಜಿಲ್ಲೆಗಳಲ್ಲಿ ಆರಂಭವಾದ ಈ ಕಾರ್ಯವು ಅನಂತರ ನಮ್ಮ ಜಿಲ್ಲೆಗೂ ಬಂದಿತು. ಅದು ಯಾರಿಗೂ ಯಂತ್ರ ಕೊಡಲಿಲ್ಲ, ಸೀರೆ ಹಂಚಲಿಲ್ಲ. ಸಹಯೋಗಿನಿ ಎಂಬ ಕಾರ್ಯಕರ್ತೆ ಹಳ್ಳಿಯಿಂದ ಹಳ್ಳಿಗೆ ಹೋಗಿ, ಕೂಲಿ ಮುಗಿಸಿ ಬಂದ ಹೆಂಗಸರ ಸಂಗಡ ರಾತ್ರಿ ಕಟ್ಟೆಯ ಮೇಲೆ ಕೂಡುತ್ತಿದ್ದಳು. ಪಂಚಾಯತಿಯಲ್ಲಿ ಏನು ಕೇಳಬಹುದು, ಕೂಲಿಯ ದರ ಎಷ್ಟು, ಮಗಳ ಮದುವೆ ಹದಿನೆಂಟಕ್ಕೆ ಮುಂಚೆ ಏಕೆ ಕೂಡದು ಎಂಬದು ಅಲ್ಲಿಯ ಮಾತು. ಫಲ ನಿಧಾನ, ವರದಿಯಲ್ಲಿ ಬರೆದು ತೋರಿಸುವದಕ್ಕೆ ಕಷ್ಟ. 2016ರಲ್ಲಿ ಕೇಂದ್ರದ ನೆರವು ನಿಂತುಹೋಯಿತು. ಇದಕ್ಕೆ ಕೊಟ್ಟ ಕಾರಣವೆಂದರೆ ಇದೇ ಬಗೆಯ ಬೇರೆ ಯೋಜನೆಗಳು ಇರುವವು ಎಂಬದು. ಸಾಲ ಕೊಡುವ ಸಂಘವೂ ಮಾತು ಕಲಿಸುವ ಸಂಘವೂ ಒಂದೇ ಎಂದು ತಿಳಿದವರ ಲೆಕ್ಕವಿದು. ನಮ್ಮ ಅಭಿಪ್ರಾಯದಲ್ಲಿ ಇದು ದೊಡ್ಡ ತಪ್ಪು.

ಆ ತಪ್ಪಿನ ಫಲವನ್ನು ನಾವು ಈಗ ಉಣ್ಣುತ್ತಿದ್ದೇವೆ. ನಮ್ಮ ಹಳ್ಳಿಗಳಲ್ಲಿ ಇಂದು ‘ಸಂಘ’ವೆಂಬ ಒಂದೇ ಶಬ್ದಕ್ಕೆ ಎರಡು ಅರ್ಥಗಳಾಗಿವೆ. ಒಂದು, ಹೆಂಗಸರು ತಾವೇ ಕೂಡಿಸಿದ ಹಣದಲ್ಲಿ ತಾವೇ ಸಾಲ ಕೊಟ್ಟುಕೊಳ್ಳುವ ಕೂಟ. ಅದರಲ್ಲಿ ಬಡ್ಡಿಯು ಅವರ ಪೆಟ್ಟಿಗೆಗೇ ಮರಳುವದು. ಇನ್ನೊಂದು, ಮೈಕ್ರೋಫೈನಾನ್ಸ್ ಕಂಪನಿಯ ವಸೂಲಿಗಾರ ವಾರಕ್ಕೊಮ್ಮೆ ಬಂದು ಹತ್ತು ಜನರನ್ನು ಸಾಲಾಗಿ ಕೂಡಿಸಿ ಕಂತು ಎಣಿಸಿಕೊಳ್ಳುವ ಕೂಟ. ಅದರಲ್ಲಿ ಬಡ್ಡಿಯು ಯಾವ ಊರಿಗೆ ಹೋಗುವದೆಂದು ಕಟ್ಟುವವರಿಗೇ ಗೊತ್ತಿಲ್ಲ. ಒಬ್ಬಳು ಕಂತು ತಪ್ಪಿದರೆ ಉಳಿದ ಒಂಬತ್ತು ಜನ ಅವಳ ಬಾಗಿಲಲ್ಲಿ ಕುಳಿತುಕೊಳ್ಳಬೇಕು. ನೆರೆಹೊರೆಯವರೊಳಗಿನ ವಿಶ್ವಾಸವೇ ಹಳೆಯ ಸಂಘದ ಬಂಡವಾಳವಾಗಿದ್ದಿತು. ಹೊಸ ಸಂಘವು ಅದೇ ವಿಶ್ವಾಸವನ್ನು ಒತ್ತೆಯಾಗಿ ಇಟ್ಟುಕೊಂಡಿತು. 2022ರಲ್ಲಿ ರಿಜರ್ವ್ ಬ್ಯಾಂಕು ಈ ಸಾಲಗಳ ಬಡ್ಡಿಗಿದ್ದ ಮಿತಿಯನ್ನು ತೆಗೆದು, ಮನೆಯ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗಬಾರದೆಂದು ಮಾತ್ರ ವಿಧಿಸಿತು. ಕೂಲಿಯವಳ ಆದಾಯವನ್ನು ಅಳೆದವರಾರು? ಅವಳು ಹೇಳಿದ್ದೇ ಆದಾಯ, ವಸೂಲಿಗಾರ ಬರೆದದ್ದೇ ಲೆಕ್ಕ. ಕೊನೆಗೆ ಮನೆಗಳಿಗೆ ಬೀಗ ಬಿದ್ದು, ಜನ ಊರು ಬಿಟ್ಟು, ಪ್ರಾಣಗಳೂ ಹೋದ ಮೇಲೆ 2025ರ ಫೆಬ್ರುವರಿಯಲ್ಲಿ ನಮ್ಮ ಸರಕಾರವು ಬಲಾತ್ಕಾರದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆಯನ್ನು ಹೊರಡಿಸಿತು. ಹತ್ತು ವರ್ಷಗಳವರೆಗೆ ಶಿಕ್ಷೆ, ಐದು ಲಕ್ಷದವರೆಗೆ ದಂಡ. ಕಾಯಿದೆ ಬಂದುದು ಸರಿ. ಆದರೆ ಆ ಸಾಲಗಳಲ್ಲಿ ಎಷ್ಟು ಪಾಲು ಆಸ್ಪತ್ರೆಯ ವೆಚ್ಚಕ್ಕೂ ಮದುವೆಯ ವೆಚ್ಚಕ್ಕೂ ಹೋಯಿತೆಂಬದನ್ನು ಯಾರಾದರೂ ಹಳ್ಳಿಯಲ್ಲಿ ಕುಳಿತು ಕೇಳಿನೋಡಲಿ. ಆರೋಗ್ಯ, ಶಿಕ್ಷಣ, ಬಡತನ ಎಂದು ಫಲಕದ ಮೇಲೆ ಮೂರಾಗಿ ಬರೆದದ್ದು ಆ ಮನೆಯಲ್ಲಿ ಒಂದೇ ಗಂಟು ಎಂದು ತಿಳಿಯುವದು.

ಆ ಮುದುಕಿಯ ಪ್ರಶ್ನೆಗೇ ಬರೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 47.8 ಜನರಿಗೆ ರಕ್ತಹೀನತೆ. ಅದಕ್ಕೆ ಮುಂಚಿನ ಸಮೀಕ್ಷೆಯಲ್ಲಿ 44.8. ಅಂದರೆ ಕಡಿಮೆಯಾಗುವ ಬದಲು ಏರಿದೆ. ಹೆರಿಗೆಯ ತರುವಾಯ ರಕ್ತ ಹೋಗಲಾರಂಭಿಸಿದರೆ ತುಂಬಿದ ಮೈಯವಳು ಕೆಲ ತಾಸು ತಡೆದುಕೊಂಡಾಳು. ರಕ್ತವೇ ಇಲ್ಲದವಳು ತಡೆದುಕೊಳ್ಳಲಾರಳು. ಆದುದರಿಂದ ಮಳಖೇಡದಿಂದ ಕಲಬುರಗಿಗೆ ಇರುವ ನಲವತ್ತು ಕಿಲೋಮೀಟರು ಇಬ್ಬರಿಗೂ ಒಂದೇ ದೂರವಲ್ಲ. ಚಿಂಚೋಳಿಯ ತಾಂಡಾಗಳಿಂದ ಕಲಬುರಗಿಯು ಇನ್ನೂ ಬಹುದೂರ. ಇದಕ್ಕೆ ಮದ್ದು ಏನು? ಆರೋಗ್ಯ ತಪಾಸಣಾ ಶಿಬಿರವಲ್ಲ. ಶಿಬಿರಕ್ಕೆ ಬರುವ ವೈದ್ಯರು ಸಂಜೆಯ ರೈಲು ಹಿಡಿಯುವರು. ಬೇನೆಯು ರೈಲಿನ ವೇಳೆ ನೋಡಿ ಬರುವದಿಲ್ಲ. ರಾತ್ರಿ ಊರಿನಲ್ಲಿಯೇ ಇರುವ ತರಬೇತಾದ ದಾದಿ, ಅವಳಿಗೆ ಬೀಗ ಹಾಕಿಕೊಳ್ಳಬಹುದಾದ ಒಂದು ಮನೆ, ಕೂಗಿದರೆ ಬರುವ ಒಂದು ವಾಹನ, ಇವು ಬೇಕು. ಆಶಾ ಕಾರ್ಯಕರ್ತೆಯರು ಅಲ್ಪ ಗೌರವಧನಕ್ಕೆ ಮಾಡುತ್ತಿರುವ ಕೆಲಸವನ್ನು ನಾವು ಬಲ್ಲೆವು. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಮ್ ಪಾರ್ಕಿನಲ್ಲಿ ಕೂಡಬೇಕಾಗಿ ಬಂದುದು ನಾಡಿಗೇ ನಾಚಿಕೆಯ ಸಂಗತಿ. ಗುಳಿಗೆಯ ವಿಷಯದಲ್ಲಿಯೂ ಒಂದು ಮಾತು. ಕಬ್ಬಿಣದ ಗುಳಿಗೆ ಹಂಚಿದ ಲೆಕ್ಕವು ಕಚೇರಿಯಲ್ಲಿ ಇರುವದು, ನುಂಗಿದ ಲೆಕ್ಕವಿಲ್ಲ. ಹೊಟ್ಟೆ ತೊಳಸುವದೆಂದು ಅದನ್ನು ಗೂಡಿನಲ್ಲಿಡುವರು. ಊಟವಾದ ಕೂಡಲೆ ಚಹಾ ಕುಡಿದರೆ ಅನ್ನದ ಕಬ್ಬಿಣಾಂಶ ಮೈಗೆ ಹತ್ತುವದಿಲ್ಲವೆಂದು ಅವರಿಗೆ ಹೇಳಿದವರಿಲ್ಲ. ಇದನ್ನು ಹೇಳುವದಕ್ಕೆ ವೇದಿಕೆ ಬೇಡ, ಹಾರ ಬೇಡ. ಅಡಿಗೆಮನೆಯವರೆಗೆ ಹೋಗಬಲ್ಲ ಒಬ್ಬ ಹೆಂಗಸು ಸಾಕು.

ಶಿಕ್ಷಣದ ಮಾತಿಗೆ ಬಂದರೆ, ಊರಲ್ಲಿ ಶಾಲೆಯಿಲ್ಲವೆಂಬ ದೂರು ಹಳೆಯದಾಯಿತು. ಶಾಲೆ ಇದೆ, ಹುಡುಗಿ ಇಲ್ಲ. ದೀಪಾವಳಿಯ ಸುಮಾರಿಗೆ ಚಿಂಚೋಳಿ, ಸೇಡಮ್ ತಾಲೂಕುಗಳ ತಾಂಡಾಗಳಿಂದ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೊರಡುವರು. ತಾಯಿ-ತಂದೆ ಕಟ್ಟಡದ ಕೆಲಸಕ್ಕೆ ನಿಂತರೆ ಚಿಕ್ಕ ಕೂಸನ್ನು ನೋಡುವವರಾರು? ಹದಿಮೂರು ವರ್ಷದ ಅಕ್ಕ. ಮಳೆಗಾಲಕ್ಕೆ ಮರಳಿ ಬಂದಾಗ ಅವಳ ಪಾಠ ಅರ್ಧ ವರ್ಷ ಹಿಂದೆ ಬಿದ್ದಿರುವದು; ಎರಡು ಸಲ ಹೀಗಾದರೆ ಶಾಲೆಯ ಹೆಸರೇ ಬೇಡವಾಗುವದು; ಮನೆಯಲ್ಲಿ ಕುಳಿತ ಹುಡುಗಿಗೆ ವರ ನೋಡದೆ ಇನ್ನೇನು ಮಾಡುವರು? ಬಾಲ್ಯವಿವಾಹದ ನಿಷೇಧಕ್ಕೆ 2006ರ ಕೇಂದ್ರದ ಕಾಯಿದೆಯಿದೆ, ಅದರ ಮೇಲೆ ಅಂಥ ಮದುವೆಯನ್ನು ಮೊದಲಿನಿಂದಲೇ ಅಸಿಂಧುವೆನ್ನುವ ನಮ್ಮ ಪ್ರಾಂತದ ತಿದ್ದುಪಡಿಯಿದೆ. ಆದರೂ ಅದೇ ಸಮೀಕ್ಷೆಯಲ್ಲಿ ಕರ್ನಾಟಕದ 20ರಿಂದ 24 ವಯಸ್ಸಿನ ಸ್ತ್ರೀಯರೊಳಗೆ ನೂರಕ್ಕೆ 21 ಜನ ಹದಿನೆಂಟಕ್ಕೆ ಮುಂಚೆಯೇ ಹಸೆಗೇರಿದ್ದರು. ಪೋಲೀಸರನ್ನು ಮಂಟಪಕ್ಕೆ ಕಳುಹಿಸಿ ಒಂದು ಮದುವೆ ನಿಲ್ಲಿಸಬಹುದು, ಮರುವಾರ ಅದೇ ಮದುವೆ ಬೇರೆ ಊರಿನ ಗುಡಿಯಲ್ಲಿ ಆಗುವದು. ತಾಯಿ-ತಂದೆ ಗುಳೆ ಹೋದ ಆರು ತಿಂಗಳು ಹುಡುಗಿಗೆ ಸುರಕ್ಷಿತವಾಗಿ ಇರಲು ಒಂದು ವಸತಿಗೃಹವಿದ್ದರೆ ಆ ಮದುವೆ ತಾನಾಗಿಯೇ ನಾಲ್ಕು ವರ್ಷ ಮುಂದೆ ಹೋಗುವದು. 2004ರಲ್ಲಿ ಆರಂಭವಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಈ ತತ್ವದ ಮೇಲೆಯೇ ನಡೆಯುವವು. ಮೊದಲಿಗೆ ಅವು ಎಂಟನೆಯ ತರಗತಿಗೇ ನಿಲ್ಲುತ್ತಿದ್ದವು, ಅಂದರೆ ಹುಡುಗಿಗೆ ಆಸರೆ ಅತ್ಯಂತ ಬೇಕಾದ ವಯಸ್ಸಿಗೆ ಬಾಗಿಲು ಮುಚ್ಚುತ್ತಿದ್ದವು. ಒಂಬತ್ತರಿಂದ ಹನ್ನೆರಡರವರೆಗೆ ಹುಡುಗಿಯರನ್ನು ಹಿಡಿದಿಡುವ ವಸತಿಗೃಹಗಳೇ ಈ ಸೀಮೆಯ ಮೊದಲ ಬೇಡಿಕೆ ಎಂದು ನಾವು ಬಲವಾಗಿ ಹೇಳುವೆವು. ಸರಕಾರಿ ಶಾಲೆಯಲ್ಲಿ ಓದಿ ಬಂದ ಹೆಣ್ಣುಮಕ್ಕಳ ಕಾಲೇಜಿನ ಓದಿಗೆ ಅಜೀಮ್ ಪ್ರೇಮಜಿ ಫೌಂಡೇಶನ್ನಿನವರು 2025ರಿಂದ ವರ್ಷಕ್ಕೆ 30,000 ರೂಪಾಯಿ ವಿದ್ಯಾರ್ಥಿವೇತನ ಕೊಡಲಾರಂಭಿಸಿರುವದು ಸ್ತುತ್ಯ. ಆದರೆ ಅದನ್ನು ಪಡೆಯುವದಕ್ಕೆ ಹುಡುಗಿ ಹನ್ನೆರಡನ್ನು ಮೊದಲು ದಾಟಿ ಬರಬೇಕಲ್ಲ.

ಇದಕ್ಕೆಲ್ಲ ಹಣವೆಲ್ಲಿ ಎಂದು ಅಧಿಕಾರಿಗಳು ಕೇಳುವರು. ಹಣ ಈ ನೆಲದಲ್ಲಿಯೇ ಇದೆ. 2013ರ ಕಂಪನಿ ಕಾಯಿದೆಯ 135ನೆಯ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು, ತಾವು ನೆಲಸಿದ ಪ್ರದೇಶಕ್ಕೆ ಪ್ರಾಶಸ್ತ್ಯ ಕೊಡಬೇಕು. ಸೇವಾಸಂಸ್ಥೆಗಳ ಯಂತ್ರ, ಶಿಬಿರ, ಚಪ್ಪರಗಳಿಗೆ ಬಹುಪಾಲು ಹಣ ಬರುವದು ಈ ದಾರಿಯಿಂದ. ಎರಡನೆಯ ದಾರಿಯನ್ನು ಕಡಿಮೆ ಜನ ಬಲ್ಲರು. 2015ರಲ್ಲಿ ಗಣಿಕಾಯಿದೆಗೆ ಆದ ತಿದ್ದುಪಡಿಯಿಂದ ಪ್ರತಿ ಗಣಿಜಿಲ್ಲೆಗೂ ಖನಿಜ ಪ್ರತಿಷ್ಠಾನ ಬಂದಿತು. ಆ ವರ್ಷದ ಜನವರಿ 12ಕ್ಕೆ ಮುಂಚೆ ಗುತ್ತಿಗೆ ಪಡೆದ ಗಣಿಯವರು ರಾಜಧನದ ಮೇಲೆ ನೂರಕ್ಕೆ 30ರಷ್ಟನ್ನೂ, ತರುವಾಯ ಹರಾಜಿನಲ್ಲಿ ಪಡೆದವರು 10ರಷ್ಟನ್ನೂ ಅದಕ್ಕೆ ಕಟ್ಟತಕ್ಕದ್ದು. ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಸ್ತ್ರೀ-ಶಿಶು ಕಲ್ಯಾಣಗಳಿಗೆ ಅದರ ಹೆಚ್ಚಿನ ಪಾಲು ಹೋಗಬೇಕು. ಗಣಿಯಿಂದ ಬಾಧಿತರಾದವರಿಗೆ ಮೊದಲ ಹಕ್ಕು.

ವಾಚಕರಿಗಾಗಿ ಸಣ್ಣ ಲೆಕ್ಕವೊಂದನ್ನು ಮಾಡುವೆವು. 2014ರಲ್ಲಿ ಗೊತ್ತಾದ ದರದಂತೆ ಸಾಮಾನ್ಯ ಸುಣ್ಣಗಲ್ಲಿಗೆ ಟನ್ನಿಗೆ 80 ರೂಪಾಯಿ ರಾಜಧನ. ಅದರ ಮೇಲೆ ನೂರಕ್ಕೆ 30 ಎಂದರೆ 24 ರೂಪಾಯಿ. ಒಂದು ಟನ್ನು ಸಿಮೆಂಟಿಗೆ ಸುಮಾರು ಒಂದೂವರೆ ಟನ್ನು ಕಲ್ಲು ಬೇಕು, ಅಂದರೆ 36 ರೂಪಾಯಿ. ಟನ್ನಿಗೆ ಇಪ್ಪತ್ತು ಚೀಲ. ಮುನ್ನೂರು-ನಾಲ್ಕುನೂರು ರೂಪಾಯಿ ಬೆಲೆಯ ಒಂದು ಚೀಲದಿಂದ, ಕಲ್ಲು ಕಳಕೊಂಡ ನೆಲಕ್ಕೆ ಈ ದಾರಿಯಲ್ಲಿ ಮರಳುವದು ಒಂದು ರೂಪಾಯಿ ಎಂಬತ್ತು ಪೈಸೆ. ಕಡಿಮೆ ಎನ್ನುವಿರಾ? ಕಡಿಮೆಯೇ ಸರಿ. ಆದರೆ ಚೀಲಗಳು ಕೋಟಿಗಟ್ಟಲೆ ಹೊರಡುವಾಗ ಅದೂ ದೊಡ್ಡ ಮೊತ್ತವಾಗುವದು. ಆ ಮೊತ್ತವು ರಸ್ತೆ, ಗೋಡೆ, ಕಮಾನುಗಳಾಗಿ ಮತ್ತೆ ಸಿಮೆಂಟಿನ ರೂಪವನ್ನೇ ತಾಳುವದೋ, ದಾದಿಯ ವೇತನವೂ ಹುಡುಗಿಯರ ಊಟವೂ ಆಗುವದೋ ಎಂಬದೇ ಪ್ರಶ್ನೆ. ಕಟ್ಟಡವನ್ನು ಉದ್ಘಾಟಿಸಬಹುದು, ವೇತನವನ್ನು ಉದ್ಘಾಟಿಸಲು ಬರುವದಿಲ್ಲ. ತೊಡಕು ಇಲ್ಲಿದೆಯೆಂದು ನಮ್ಮ ಶಂಕೆ.

ಗೃಹಲಕ್ಷ್ಮಿಯ ಎರಡು ಸಾವಿರವೂ ಶಕ್ತಿ ಯೋಜನೆಯ ಬಸ್ಸೂ 2023ರಿಂದ ಬಂದಿರುವಾಗ ಇನ್ನೇನು ಬೇಕೆಂದು ಕೆಲ ಪಟ್ಟಣದ ಮಹಾಶಯರು ಕೇಳುವದುಂಟು. ಎರಡು ಸಾವಿರವು ಮನೆಯ ಹೆಂಗಸಿನ ಕೈಗೇ ಬಂದುದು ಸಣ್ಣ ಸಂಗತಿಯಲ್ಲ. ಬಸ್ಸಿನಿಂದ ಕಲಬುರಗಿಯ ಆಸ್ಪತ್ರೆಯೂ ಕಾಲೇಜೂ ಹತ್ತಿರವಾದವು. ಆದರೆ ಹಗಲಿನ ಬಸ್ಸು ರಾತ್ರಿಯ ಬೇನೆಗೆ ಒದಗದು, ತಿಂಗಳ ಹಣವು ವಾರದ ಕಂತಿಗೆ ಹೋದರೆ ಉಳಿಯದು. ಗಳಿಕೆ ಬೆಳೆಯಬೇಕಾದರೆ ಮನೆಯವರಿಗೆ ಗೊತ್ತಿರುವ ಕಸುಬಿನಿಂದಲೇ ಬೆಳೆಯಬೇಕು. ಹೊಲಿಗೆಯನ್ನು ನಾವು ಹಳಿಯುವದಿಲ್ಲ. ಆದರೆ ಒಂದೇ ಹಳ್ಳಿಯಲ್ಲಿ ಹದಿನೈದು ಯಂತ್ರಗಳು ಯಾರ ಬಟ್ಟೆ ಹೊಲಿಯಬೇಕು? ಕಲಬುರಗಿಯ ಹೆಂಗಸರು ಜೋಳದ ರೊಟ್ಟಿಯನ್ನು ಹುಟ್ಟಿನಿಂದ ಬಲ್ಲರು. ಸ್ವಸಹಾಯ ಸಂಘಗಳವರು ಕೂಡಿ ಅದನ್ನೇ ಒಂದು ಹೆಸರಿನ ಕೆಳಗೆ ಮಾರಲಾರಂಭಿಸಿ, ದಿನಕ್ಕೆ ಮೂರು ಸಾವಿರಕ್ಕೂ ಮಿಕ್ಕಿ ರೊಟ್ಟಿ ಸುಡುತ್ತಿರುವ ಸಂಗತಿಯನ್ನು 2025ರ ಜೂನಿನಲ್ಲಿ ಪ್ರಧಾನಮಂತ್ರಿಗಳೇ ಬಾನುಲಿಯಲ್ಲಿ ಹೇಳಿದರು. ಜಿಲ್ಲಾಡಳಿತದ ಈ ಕಾರ್ಯವನ್ನು ಮೆಚ್ಚಲೇಬೇಕು. ತೊಗರಿಗೂ ಇದೇ ನ್ಯಾಯ ಸಲ್ಲಬೇಕು. ನಮ್ಮ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬಿತ್ತುವಾಗ, ಕಳೆ ತೆಗೆಯುವಾಗ, ರಾಶಿಯಲ್ಲಿ ಹೆಂಗಸರ ಕೈ. ಬೇಳೆಯಾಗುವಾಗ ಗಿರಣಿಯವನ ಕೈ. ನಡುವಿನ ಲಾಭ ಎಲ್ಲಿ ಉಳಿಯುವದೆಂದು ಗಂಜಿನಲ್ಲಿ ನಿಂತವರಿಗೆ ಹೇಳಬೇಕಾಗಿಲ್ಲ. ಸಂಘಗಳೇ ನಡೆಸುವ ಸಣ್ಣ ಬೇಳೆಗಿರಣಿಗಳಿಗೆ ಖನಿಜ ನಿಧಿಯಿಂದ ಬಂಡವಾಳ ಒದಗಿಸಲು ಅಡ್ಡಿ ಏನು?

ಸೇವಾಸಂಸ್ಥೆಗಳ ಚಾಲಕರಿಗೆ ನಮ್ಮ ಬಿನ್ನಹ ಒಂದೇ: ತಮ್ಮ ಜಮಾಖರ್ಚನ್ನು ಕನ್ನಡದಲ್ಲಿ ಅಚ್ಚುಹಾಕಿಸಿ, ಆಯಾ ಗ್ರಾಮದ ಪಂಚಾಯತಿಯ ಗೋಡೆಗೆ ಹಚ್ಚಲಿ. ಬಂದ ಹಣವೆಷ್ಟು, ಹಂಚಿದ್ದು ಎಷ್ಟು, ಸಮಾರಂಭಕ್ಕೆ ಹೋದದ್ದು ಎಷ್ಟು. ಬೆಂಗಳೂರು, ಮುಂಬಯಿಗಳ ಕಚೇರಿಗಳಿಗೆ ಇಂಗ್ಲಿಷಿನಲ್ಲಿ ಕಳುಹುವ ವರದಿಯನ್ನು ಯಾರ ಹೆಸರಿನಲ್ಲಿ ಹಣ ಬಂತೋ ಆ ಹೆಣ್ಣುಮಗಳು ಓದಲಾರಳು. ಖನಿಜ ಪ್ರತಿಷ್ಠಾನದ ಕಾರ್ಯಪಟ್ಟಿಯನ್ನು ಪ್ರಕಟಿಸಬೇಕೆಂದು ನಿಯಮವೇ ಇದೆ. ಜಿಲ್ಲಾಧಿಕಾರಿಗಳು ಅದನ್ನು ಗಣಕಯಂತ್ರದಲ್ಲಿ ಹಾಕಿ ಸುಮ್ಮನಿರದೆ, ಸೇಡಮ್, ಚಿತ್ತಾಪುರ, ಶಹಾಬಾದ, ಚಿಂಚೋಳಿಗಳ ತಹಸೀಲ ಕಚೇರಿಗಳ ಮುಂದೆ ಬರೆಯಿಸಲಿ. ಪ್ರತಿಷ್ಠಾನದ ಮುಂದಿನ ಸಭೆಯಲ್ಲಿ ವಸತಿಗೃಹಗಳ ಮತ್ತು ರಾತ್ರಿಯ ದಾದಿಯರ ವಿಷಯವು ಚರ್ಚೆಗೆ ಬರುವಂತೆ ಶಾಸಕರು ನೋಡಿಕೊಳ್ಳಲಿ. ಬಾರದಿದ್ದರೆ ಯಾರು ತಡೆದರೆಂಬದನ್ನು ಇದೇ ಅಂಕಣದಲ್ಲಿ ವಾಚಕರ ಮುಂದಿಡುವೆವು.

ನಾವು ಕಂಡ ಹದಿನೈದು ಯಂತ್ರಗಳ ಕಥೆಯನ್ನೂ ಬಿಡುವವರಲ್ಲ. ಯುಗಾದಿಯ ತರುವಾಯ, ಯಾರೂ ಕರೆಯದೆಯೇ, ಅದೇ ಗ್ರಾಮಕ್ಕೆ ಹೋಗಿ ಅವುಗಳಲ್ಲಿ ಎಷ್ಟು ನಡೆಯುತ್ತಿವೆ, ಎಷ್ಟು ಮೂಲೆಯಲ್ಲಿವೆ, ಎಷ್ಟು ಕಂತು ತೀರಿಸಲು ಮಾರಿಹೋದವು ಎಂದು ಎಣಿಸಿ ಬರುವೆವು. ಆ ಮುದುಕಿಯ ಸೊಸೆಗೆ ಅಷ್ಟರಲ್ಲಿ ಹೆರಿಗೆಯಾಗಿರುವದು.